ಬಿಸ್ಕತ್ತಿಗೆ ಸೋತ ಬೇರು

ಶುಕ್ರವಾರ, ಜೂನ್ 24

ಅರೆದು ಕುಡಿಯುವ ನನ್ನ ಕಾವಾ ಬೇರಿನ ಮೂಟೆಗಳು ಇವತ್ತೂ ಹಡಗು ಹತ್ತಲಿಲ್ಲ. ನಮ್ಮ ದ್ವೀಪದೇಶದ ಸರ್ಕಾರ ಫಿಜಿಯ ಬಿಸ್ಕತ್ತು ಬೇಡ ಎಂದಿತು, ಆ ಸಿಟ್ಟಿಗೆ ಫಿಜಿ ನಮ್ಮ ಕಾವಾ ಬೇಡ ಎಂದಿತು. ಐದು ವರ್ಷ ಬೆಳೆಸಿದ ಬೇರು ಬಿಸ್ಕತ್ತಿಗೆ ಸೋತು ಕೂತಿದೆ.

ಸಮಜಾಯಿಷಿ ಹೇಳಲು ರಾಜಧಾನಿಯಿಂದ ಬಂದ ಅಧಿಕಾರಿ ಬೇರೆ ಯಾರೂ ಅಲ್ಲ, ನನ್ನ ಅಕ್ಕನ ಮಗ ತಾರಿ. "ನಮ್ಮ ಬಿಸ್ಕತ್ತು ಕಾರ್ಖಾನೆ ಉಳೀಬೇಕಲ್ವಾ ಮಾವ? ದೇಶಕ್ಕೋಸ್ಕರ ಸ್ವಲ್ಪ ತಡ್ಕೊಳ್ಳಿ" ಎಂದ.

"ಬೇರು ಅಗೆಯೋ ನಾವು ಯಾವ ದೇಶದೋರಪ್ಪ?" ಎಂದು ಕೇಳಿದಳು ನನ್ನ ಹೆಂಡತಿ ಲೆಯ್ಮಾಸ್.

ಅವನು ಕಾಗದ ತಿರುವಿಹಾಕುತ್ತಾ ನಿಂತ. ನನಗೆ ರೇಗಿತು. ಮೂಟೆ ಬಿಚ್ಚಿ, ಎಲ್ಲಕ್ಕಿಂತ ದೊಡ್ಡ ಬೇರನ್ನು ಅವನ ಕೈಗಿಟ್ಟೆ. ಜಗಳ ಮುಗಿಯಬೇಕಾದರೆ ಕಾವಾ ಬೇರನ್ನು ಎದುರಿನವರ ಮುಂದಿಟ್ಟು, ಅರೆದು, ಜೊತೆಗೆ ಕೂತು ಕುಡಿಯುವುದು ನಮ್ಮ ಪದ್ಧತಿ. ಸೋದರಮಾವ ಕೊಟ್ಟದ್ದನ್ನು ನಮ್ಮಲ್ಲಿ ಯಾರೂ ಬೇಡ ಎನ್ನುವಂತಿಲ್ಲ.

"ನಿಮ್ಮ ಮಂತ್ರಿಗೆ ಕೊಡು. ಫಿಜಿಗೆ ಹೋಗಿ ರಾಜಿ ಮಾಡ್ಕೊಂಡು ಬರ್ಲಿ."

"ಅಲ್ಲಿ ಬಂದರಿನಲ್ಲೇ ಕಿತ್ಕೋತಾರೆ, ಮಾವ."

"ಕಿತ್ಕೊಳ್ಲಿ. ನಮಗೆ ಹೆಂಗಾಯ್ತು ಅಂತ ನಿಮ್ಮ ಮಂತ್ರಿಗೂ ಗೊತ್ತಾಗ್ಲಿ."

ಊರಿನ ವರ್ತಕ ಈ ಮೂಟೆಗಳನ್ನು ಅರ್ಧ ಬೆಲೆಗೆ ಕೇಳುತ್ತಿದ್ದಾನೆ. ಕೊಡುವುದಿಲ್ಲ. ತೋಟದಲ್ಲಿ ಉಳಿದದ್ದನ್ನು ಅಗೆಯುವುದೂ ಇಲ್ಲ. ನೆಲದಲ್ಲಿ ಇದ್ದಷ್ಟೂ ಕಾವಾ ಬಲಿಯುತ್ತದೆ, ಮಂತ್ರಿಗಳು ಎಷ್ಟು ದಿನ ಕುರ್ಚಿಯಲ್ಲಿರುತ್ತಾರೋ ನೋಡೋಣ.

ಸಂಜೆ ತಾರಿ ರಾಜಧಾನಿಯ ಹಡಗು ಹತ್ತುವಾಗ ನೋಡಿದೆ. ಬೇರು ಅವನ ಹೆಗಲ ಮೇಲಿತ್ತು. ಅಂಗಿಯೆಲ್ಲ ಮಣ್ಣು.

ಅಂತೂ ಇವತ್ತು ನನ್ನದೊಂದು ಬೇರು ಹಡಗು ಹತ್ತಿತು.