ಎಮ್ಮೆಯ ಮರೆಯಲ್ಲಿ ಚಿಗರಿ ಬೇಟೆ

ಪ್ರೀತಿಯ ತ್ರ್ಯಂಬಕ ಕಾಕಾ,

ನೀವು ತೀರಿಹೋದ ಮೇಲೆ ನಿಮ್ಮ ಮನೆಗೆ ಈ ಪತ್ರ ಹಾಕಿ ಫಲವಿಲ್ಲ, ಆದರೆ ಸುದ್ದಿ ಹೇಳದೆ ಇರಲಾರೆ. ಇವತ್ತು ನಿಮ್ಮ ಕ್ಯಾಮೆರಾ ಹೆಗಲಿಗೇರಿಸಿ ಅಮ್ಮಿನಬಾವಿಯ ಗಾಯರಾಣಕ್ಕೆ, ಊರ ದನ ಮೇಯುವ ಬಯಲಿಗೆ, ಹೋಗಿದ್ದೆ. "ನಂದು ಶಾಕಾಹಾರಿ ಬ್ಯಾಟಿ" ಎಂದು ನಗುತ್ತಿದ್ದಿರಲ್ಲ, ಆ ಫೋಟೋ ಬೇಟೆಗೇ. ವರ್ಷಗಟ್ಟಲೆ ನಿಮ್ಮ ಫೋಟೋಕ್ಕೆ ಸಿಗದೆ ಓಡಿದ ಗಂಡು ಚಿಗರಿ ಅಲ್ಲೇ ಮೇಯುತ್ತಿತ್ತು. ಕೃಷ್ಣಮೃಗದ ಕರಿ ಮೈ, ತಿರುಚಿದ ಕೊಂಬು, ಮದುಮಗನ ಗತ್ತು.

ನೀವು ಕಲಿಸಿದಂತೆ ದನದ ಮರೆಯಲ್ಲಿ ಹೋಗೋಣವೆಂದು, ಅಲ್ಲಿ ದನ ಕಾಯುತ್ತಿದ್ದ ಗೌರಕ್ಕನ ಎಮ್ಮೆ ಕೇಳಿದೆ.

"ಹೊಡಕೊಂಡ ಹೋಗವ್ವಾ. ಆದರ ಅದು ನಿನ್ನ ಮಾತ ಕೇಳಂಗಿಲ್ಲ, ನೀನ ಅದರ ಮಾತ ಕೇಳಬೇಕ."

ಹಾಗೇ ಆಯಿತು. ಎಮ್ಮೆ ನಿಂತಲ್ಲಿ ನಿಂತೆ, ಸಗಣಿ ಹಾಕಿದಾಗ ಹಾರಿದೆ. ಕೊನೆಗೆ ಚಿಗರಿಯ ರೆಪ್ಪೆ ಕಾಣುವಷ್ಟು ಹತ್ತಿರವಾದೆವು. ಕ್ಯಾಮೆರಾ ಕಣ್ಣಿಗೆ ಹಿಡಿದೆ.

ಬೇಟೆಯಲ್ಲಿ ಪಿಟ್ಟೆನ್ನಬಾರದು ಎಂಬುದು ನಿಮ್ಮ ಮೊದಲ ಪಾಠ. ಆದರೂ, ನೀವು ಯಾವಾಗಲೂ ಇರುತ್ತಿದ್ದ ಎಡಬದಿಗೆ ಹೊರಳಿ ಪಿಸುಗುಟ್ಟಿಬಿಟ್ಟೆ.

"ಕಾಕಾ, ನೋಡ್ರಿ!"

ಚಿಗರಿ ಒಂದೇ ನೆಗೆತಕ್ಕೆ ಮಾಯ. ಎಮ್ಮೆ ಮಾತ್ರ ಮೆಲುಕು ಹಾಕುವುದನ್ನು ಬಿಟ್ಟು, ನನ್ನ ಎಡಕ್ಕೆ ಯಾರಿದ್ದಾರೆಂದು ನೋಡುತ್ತ ನಿಂತಿತ್ತು.

ನಿಮ್ಮ
ವೃಂದಾ