ಸಾವಿನ ಮನೆಯ ಫೋನಿಗೆ ಮದುವೆ ಹಾಡು

ಜಯಮಾಲಾ,

ಕೊಹಿನೂರು ಹಳ್ಳಿಗೆ, ನನ್ನ ಅಕ್ಕನ ಮನೆಗೆ ಹೊರಟಿದ್ದೇನೆ. ನಿನ್ನ ಮಾವ ತೀರಿಕೊಂಡು ವಾರವಾಗಿಲ್ಲ, ನಾನು ಹೊಸ್ತಿಲು ದಾಟಬಾರದೆಂದು ಗೊತ್ತು.

ಅಕ್ಕ ಸಮಾಧಾನ ಹೇಳಲು ಫೋನ್ ಮಾಡಿದರೆ ಮದುವೆ ಕುಣಿತದ ಹಾಡು ಕೇಳಿಸಿತಂತೆ. "ಗಂಡ ಸತ್ತ ಮನ್ಯಾಗ ಇದೇನು ಸಡಗರ ಸೂಗಿ?" ಎಂದು ಫೋನ್ ಇಟ್ಟೇಬಿಟ್ಟಳು.

ಮೊನ್ನೆ ಮೊಬೈಲ್ ಕಂಪನಿಯ ಹೆಣ್ಣುಮಗಳೊಬ್ಬಳು ಫೋನಿನಲ್ಲಿ ಮರ್ಯಾದೆಯಿಂದ "ಒಂದು ಒತ್ತಿರಿ" ಎಂದಳು, ಒತ್ತಿದೆ. ಕರೆದವರ ಕಿವಿಗೆ ಹಾಡು ಬಿದ್ದದ್ದು ಅದರಿಂದಂತೆ. ಮೊಬೈಲ್ ಅಂಗಡಿಯ ಸಾಜಿದ ಮನೆಗೆ ಬಂದು ಆ ಹಾಡು ತೆಗೆದು, "೧೯೦೯ಕ್ಕ ಫೋನ್ ಹಚ್ಚಿ ಇಂಥ ಜಾಹೀರಾತಿನ ಫೋನ್ ಬ್ಯಾಡಂತ ಬರಸ್ರಿ ಅಮ್ಮಾ, ಆಮ್ಯಾಲ ಅವರು ಫೋನ್ ಮಾಡಿದ್ರ ಕಾನೂನಿನ್ಯಾಗ ತಪ್ಪಾಗ್ತದ" ಎಂದ. ಇವತ್ತೇ ಬರೆಸು.

ಮೊಬೈಲ್ ಇಲ್ಲೇ ಬಿಟ್ಟಿದ್ದೇನೆ. ಅಕ್ಕ ಫೋನಿನ ಮಾತು ನಂಬಲಾರಳು; ನನ್ನ ಮುಖ ನೋಡಿದರೆ ನಂಬಿಯಾಳು.