ತನ್ನ ಫೋಟೋದಂತಿಲ್ಲದ ರಾಣಿ

ಕಾರ್ತಹೇನಾ ನಗರದ ನವೆಂಬರ್ ಹಬ್ಬದ ರಾಣಿ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಕಳೆದ ಶನಿವಾರ ನಮ್ಮ ಬಡಾವಣೆಯ ಜನ ಓಟು ಹಾಕಿ ಗೆಲ್ಲಿಸಿದ ರಾಣಿಯನ್ನು ನೀವು ಅವಳದೇ ಮೆರವಣಿಗೆಯ ವಾಹನ ಹತ್ತಲು ಬಿಡಲಿಲ್ಲ. ಡೆಯಾನಿರಾ ಕಸಿಯಾನಿ, ಡೆಯಾನಿರಾ ಕಸಿಯಾನಿಯ ಹಾಗೆ ಕಾಣುತ್ತಿಲ್ಲ ಎಂಬುದು ನೀವು ಕೊಟ್ಟ ಕಾರಣ. ಇಂಥ ತೀರ್ಪು ಹೊಳೆಯಬೇಕಾದರೆ ಅಧ್ಯಕ್ಷರ ಕುರ್ಚಿಯಲ್ಲೇ ಕೂತಿರಬೇಕು.

ಈ ಸಲ ಓಟು ಫೋನಿನಲ್ಲೇ ನಡೆಯಲಿ ಎಂದಿರಿ. ಹುಡುಗಿಯರ ಫೋಟೋಗಳನ್ನು ‘ಚೂರು ಚಂದ’ ಮಾಡಿ ಸಮಿತಿಯ ಪುಟದಲ್ಲಿ ಹಾಕಿದಿರಿ. ಕಪ್ಪು ಜನರೇ ತುಂಬಿರುವ ನಮ್ಮ ಬೀದಿಯ ಡೆಯಾನಿರಾ ನಿಮ್ಮ ಫಿಲ್ಟರಿನೊಳಗೆ ಹೋಗಿ ಹೊರಬಂದಾಗ ಅರ್ಧ ಮೂಗು ಅಲ್ಲೇ ಉಳಿದಿತ್ತು. ತುಟಿ ಸವೆದಿತ್ತು. ಮೈಬಣ್ಣ ಹಾಲು ಜಾಸ್ತಿಯಾದ ಕಾಫಿಯಾಗಿತ್ತು. ಗುಂಗುರು ಕೂದಲು ಇಸ್ತ್ರಿ ಹಾಕಿದಂತೆ ಇಳಿಬಿದ್ದಿತ್ತು. ನಾವು ಹೆಸರು ನೋಡಿ ಓಟು ಹಾಕಿದೆವು. ಮುಖ ನೋಡಿದ್ದರೆ ಯಾರೋ ಹೊರಗಿನವಳೆಂದು ಬಿಟ್ಟುಬಿಡುತ್ತಿದ್ದೆವು.

ಶನಿವಾರ ನಾನು ಅಲ್ಲೇ ಇದ್ದೆ. ನಿಮ್ಮ ಸದಸ್ಯರೊಬ್ಬರು ಪಾಸ್‌ಪೋರ್ಟ್ ತಪಾಸಣೆಯವರ ಹಾಗೆ ಫೋನನ್ನು ಅವಳ ಮುಖದ ಪಕ್ಕಕ್ಕೆ ಹಿಡಿದರು.

“ಇದು ನೀನಲ್ಲಮ್ಮ.”

“ನಾನೇ ಸರ್. ನೀವೇ ತೆಗೆದಿದ್ದು.”

“ಇರಬಹುದು. ಆದ್ರೆ ಸ್ಪಾನ್ಸರ್‌ಗಳಿಗೆ ಈ ಮುಖ ತೋರಿಸಿದೀವಿ. ಮೇಕಪ್ಪು ಗೀಕಪ್ಪು ಮಾಡ್ಕೊಂಡು ಸ್ವಲ್ಪ ಇದರ ಥರ ಆಗಿ ಬಾ.”

ಅವಳ ಅಜ್ಜಿ ಎವರ್ಲಿಂಡಾ ಸುಮ್ಮನಿರುವವರಲ್ಲ. “ಏನಪ್ಪಾ, ನಿಮ್ಮಮ್ಮ ಫೋಟೋ ತಾಳೆ ನೋಡಿ ನಿನ್ನ ಎತ್ಕೊಂಡಿದ್ಲಾ? ಆ ಫೋನನ್ನೇ ಮೇಲೆ ಕೂರಿಸು. ಕಿರೀಟಾನೂ ಅದಕ್ಕೇ ಹಾಕು. ಅದು ಕೈ ಬೀಸುತ್ತೇನೋ ನೋಡೋಣ.”

ಜನ ನಕ್ಕರು. ವಾಹನ ಎರಡನೇ ಸ್ಥಾನದ ಹುಡುಗಿಯನ್ನು ಕೂರಿಸಿಕೊಂಡು ಹೊರಟಿತು.

ನನಗೆ ನೆನಪು ಗಟ್ಟಿ. ಹದಿನೆಂಟರ ವಯಸ್ಸಿನಲ್ಲಿ, ಇದೇ ಕಾರ್ತಹೇನಾದಲ್ಲಿ, ಇಂಥದೇ ಸ್ಪರ್ಧೆಗೆ ಹೋಗಿದ್ದೆ. “ಕೂದಲು ನೆಟ್ಟಗೆ ಮಾಡಿಸ್ಕೊಂಡು ಬಾ” ಎಂದು ಮುಖಕ್ಕೆ ಹೇಳಿದರು. ನಾನೂ ಮುಖಕ್ಕೇ ಬೈದು ಬಂದೆ. ಅವಮಾನ ಮಾಡಲು ಆಗ ಒಬ್ಬ ಮನುಷ್ಯನಾದರೂ ಬೇಕಿತ್ತು. ಈಗ ಅದು ಹೊಗಳಿಕೆಯ ವೇಷದಲ್ಲಿ ಬರುತ್ತದೆ. ಆ ಫೋಟೋದ ಕೆಳಗೆ ಸಾವಿರಾರು ಜನ ಹೃದಯದ ಗುರುತು ಒತ್ತಿದ್ದಾರೆ. ಅವೆಲ್ಲ ಸೇರಿ ಅವಳಿಗೆ ಹೇಳುತ್ತಿರುವುದೇನು? ನೀನಾಗಿರದಿದ್ದರೆ ನೀನು ಚಂದ ಎಂದು ತಾನೆ? ಇದಕ್ಕೆ ಅವಳು ಯಾರನ್ನು ಬೈಯಬೇಕು?

ಬಿಳಿ ಮುಖವೇ ಬೇಕಿದ್ದರೆ ಹಬ್ಬದ ಬೀದಿಗೆ ಬರಬಹುದಿತ್ತಲ್ಲ. ಮೆಕ್ಕೆಜೋಳದ ಬಿಳಿ ಪುಡಿಯನ್ನು ಎಲ್ಲರೂ ಎಲ್ಲರಿಗೂ ಎರಚುತ್ತಾರೆ. ಸಂಜೆಯೊಳಗೆ ನೀವೂ ನಾವೂ ಒಂದೇ ಬಣ್ಣ. ಅದು ತೊಳೆದರೆ ಹೋಗುತ್ತದೆ. ನಿಮ್ಮದು ಹೋಗುತ್ತಿಲ್ಲ. ಡೆಯಾನಿರಾ ನಿಮ್ಮ ಫೋಟೋ ತೋರಿಸಿ, ಮೂಗು ಕೊಯ್ದು ಸಣ್ಣ ಮಾಡುವ ವೈದ್ಯರ ಬಳಿ ಬರುವ ಬುಧವಾರಕ್ಕೆ ಸಮಯ ಗೊತ್ತು ಮಾಡಿಕೊಂಡಿದ್ದಾಳೆ. ಬೇಡ ಕಣೇ ಎಂದದ್ದಕ್ಕೆ ಅವಳು ಹೇಳಿದ್ದಿಷ್ಟು: “ಬೇರೆ ಯಾರ ಥರಾನೂ ಬೇಡ ಆಂಟಿ. ನನ್ನ ಥರ ಆದ್ರೆ ಸಾಕು.”

ಆದ್ದರಿಂದ ಬುಧವಾರದೊಳಗೆ, ಅದೇ ಪುಟದಲ್ಲಿ, ನೀವು ಮುಟ್ಟುವ ಮುಂಚಿನ ಫೋಟೋ ಹಾಕಿ, ಗೆದ್ದವಳು ಇವಳೇ ಎಂದು ನಿಮ್ಮ ಸಹಿಯೊಂದಿಗೆ ಬರೆಯಿರಿ. ಅಲ್ಲ, ಗೆದ್ದದ್ದು ನಿಮ್ಮ ಫೋಟೋದಲ್ಲಿರುವ ಆ ಇನ್ನೊಬ್ಬಳು ಎನ್ನುವಿರಾದರೆ, ಅವಳ ಮನೆ ಯಾವ ಬೀದಿಯಲ್ಲಿದೆ ಎಂದು ಊರಿಗೆಲ್ಲ ಕೇಳುವಂತೆ ಹೇಳಿ. ನನಗೆ ಖಾಸಗಿ ಉತ್ತರ ಬೇಡ.

ಇಂತಿ,
ತಿದ್ದಿಸಿಕೊಳ್ಳದೆಯೇ ವಯಸ್ಸಾದ ನಾಗರಿಕಳು,
ಪೆಟ್ರೊನಾ ವಾಲ್ದೆಸ್